ಮಗನಿಗೆ ಯಾರ ಮನೆ ಕನ್ನಡ ಕಲಿಸೋದು? ನಿಮಗೆ ಯಾವ ಊರಿನ ಧಾಟಿ ಇಷ್ಟ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಿಟ್ಟಲ್ಲಿ ಬರೀತಿದ್ದೇನೆ, ಬೈಬೇಡಿ. ನನ್ನ ಊರು ಕುಂದಾಪುರದ ಹತ್ತಿರ, ಯಜಮಾನರದ್ದು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಪರಿಚಯ ಆದದ್ದು ಮುಂಬೈಯಲ್ಲಿ, ಸಂಸಾರ ಡೊಂಬಿವಲಿಯಲ್ಲಿ. ಮಗನಿಗೆ ಈಗ ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಬಿಲ್ಡಿಂಗ್ ಹುಡುಗರ ಜೊತೆ ಮರಾಠಿ, ಮನೆಗೆ ಬಂದ್ರೆ ಕನ್ನಡ. ಯಾವ ಕನ್ನಡ ಅಂತ ಮಾತ್ರ ಕೇಳಬೇಡಿ. ನನ್ನಮ್ಮನಿಗೆ ಫೋನ್ ಮಾಡಿದ್ರೆ "ಅಮ್ಮಮ್ಮ, ಉಂಡಾಯ್ತಾ?" ಅನ್ನುತ್ತಾನೆ. ಐದು ನಿಮಿಷ ಬಿಟ್ಟು ಅಪ್ಪನ ಕಡೆ ಅಜ್ಜಿಗೆ "ಆಯಿ, ಊಟ ಆತೇನು?" ಅನ್ನುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ, ತಾನೇ ಸ್ವಿಚ್ ಬದಲಾಯಿಸಿದ ಹಾಗೆ ಬದಲಾಯಿಸುತ್ತಾನೆ.

ಮೊನ್ನೆ ಒಂದು ಕಡೆ ರಾಜ್ಯೋತ್ಸವದ ಕಾರ್ಯಕ್ರಮ, ಮಕ್ಕಳಿಗೆ ಕಥೆ ಹೇಳುವ ಸ್ಪರ್ಧೆ ಇತ್ತು. ಇವನು ಕಾಗೆ ನರಿ ಕಥೆ ಹೇಳಿದ. "ಒಂದ್ ಕಾಗಿ ಇತ್ತ್, ಅದಕ್ಕ ಒಂದ್ ವಡಿ ಸಿಕ್ತು" ಅಂತ ಎರಡೂ ಅಜ್ಜಿಯರನ್ನ ಒಂದೇ ಸಾಲಲ್ಲಿ ಕೂರಿಸಿ ಶುರು ಮಾಡಿದ. ಸಭೆಯಲ್ಲಿ ನಗುವೋ ನಗು, ಚಪ್ಪಾಳೆ. ನರಿ ಮಾತಾಡುವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡು ಥೇಟ್ ನಮ್ಮ ಅತ್ತೆ ಥರ "ಏನ್ ಚಂದ ಹಾಡ್ತೀಯವಾ ತಂಗಿ" ಅಂದ. ಕೊನೆಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಒಂದು ಕಂಪಾಸ್ ಬಾಕ್ಸ್. ತೀರ್ಪುಗಾರರು ನನ್ನ ಪಕ್ಕಕ್ಕೆ ಕರೆದು "ಮಗು ಚುರುಕು ಇದೆ, ಮನೆಯಲ್ಲಿ ಸ್ವಲ್ಪ ಶುದ್ದ ಕನ್ನಡ ಮಾತಾಡಿಸಿ" ಅಂದರು. ಶುದ್ಧ ಅನ್ನೋದರ ಮಹಾಪ್ರಾಣ ಅವರ ಬಾಯಲ್ಲೇ ಇರಲಿಲ್ಲ, ಅದು ಬೇರೆ ವಿಷಯ.

ಲೋಕಲ್‌ನಲ್ಲಿ ಮನೆಗೆ ಬರುವಾಗ ಅವನು ಕೇಳಿದ, "ಅಮ್ಮಾ, ನಾನ್ ಹೇಳಿದ್ದ್ ತಪ್ಪಾ?" ಅಂತ. ನನಗೆ ಉತ್ತರ ಬರಲಿಲ್ಲ. ನೀವು ಹೇಳಿ, ಏನು ಕಲಿಸಲಿ? ಮತ್ತೆ ಸುಮ್ನೆ ಕುತೂಹಲಕ್ಕೆ, ನಿಮಗೆಲ್ಲ ಕೇಳಲಿಕ್ಕೆ ಇಷ್ಟ ಆಗುವ ಧಾಟಿ ಯಾವುದು?

ಭೀಮಾ ದಂಡಿ, ಪುಣೆ

ಅಕ್ಕಾರ, ಆ ಕಂಪಾಸ್ ಬಾಕ್ಸ್ ವಾಪಸ್ ಕೊಡಬೇಕಿತ್ತು ನೋಡ್ರಿ.

ನಂದು ಅಫಜಲಪುರ ಕಡೆ. ಪುಣೆಗೆ ಬಂದು ಹನ್ನೆರಡು ವರ್ಷ ಆಯ್ತು. ಇಲ್ಲಿ ರಸ್ತೆ ಕೆಲಸ, ಕಟ್ಟಡದ ಕೆಲಸ ನಡೆಯುವ ಕಡೆ ಒಂದು ನಿಮಿಷ ನಿಂತರೆ ಸಾಕು, ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಹೋದ ವರ್ಷ ವಾರಜೆ ಹತ್ತಿರ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದ್ದೆ. ಪಕ್ಕದಲ್ಲಿ ಗುಂಡಿ ತೋಡುತ್ತಿದ್ದ ಹೆಣ್ಣುಮಗಳು ಇನ್ನೊಬ್ಬಳಿಗೆ "ಬಿಸಲ ಏರ್ಲಕತ್ತದ, ಲಗೂ ಲಗೂ ಮಾಡವಾ" ಅಂದಳು. ಆ "ಏರ್ಲಕತ್ತದ" ಅನ್ನೋದು ನಮ್ಮ ಕಲಬುರಗಿ ಕಡೆಯದು. ಬಾಗಲಕೋಟೆಯವಳಾಗಿದ್ರೆ "ಏರಾಕತ್ತೈತಿ" ಅಂತಿದ್ದಳು. ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರೂ ನಾನು ಅಲ್ಲೇ. ಗಾಡಿ ಬದಿಗೆ ಹಾಕಿ ಯಾವ ಊರವ್ವಾ ಅಂತ ಕೇಳಿದೆ. ನಮ್ಮೂರಿಂದ ಎರಡು ಹಳ್ಳಿ ಆಚೆ. ಆಕೆ ನನ್ನ ಟೈ ನೋಡಿ ಮೊದಲು ಹೆದರಿದಳು, ನಾನು ಬಾಯಿ ಬಿಟ್ಟ ಮೇಲೆ ನಕ್ಕಳು.

ಹಾಗಾಗಿ ಇಷ್ಟದ ಧಾಟಿ ಯಾವುದು ಅಂದರೆ, ನಮ್ಮದೇ. ಇದರಲ್ಲಿ ನ್ಯಾಯ ಗೀಯ ಏನೂ ಇಲ್ಲ.

ಮಾಟುಂಗಾ ಹಿರಿಯ

ತಂಗಿ, ನಿನ್ನ ಮಗನ ಮಾತು ಕೇಳಬೇಕಿತ್ತು.

ನಾನು ಬೈಂದೂರು ಕಡೆಯವ. 1968ರಲ್ಲಿ ಹದಿನಾಲ್ಕು ವರ್ಷದವ ಇದ್ದಾಗ ಮುಂಬೈಗೆ ಬಂದೆ. ಕೋಟೆಯಲ್ಲಿ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆಯುವ ಕೆಲಸ, ಆಮೇಲೆ ಸಪ್ಲಾಯರ್, ಎಷ್ಟೋ ವರ್ಷದ ಮೇಲೆ ಗಲ್ಲಾದಲ್ಲಿ ಕೂತೆ. (ಕೋಟೆ ಅಂದ್ರೆ ಫೋರ್ಟ್, ನಾವು ಹಳಬರು ಹಾಗೇ ಹೇಳೋದು.) ಹಗಲು ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಅಲ್ಲಿ ನಮಗೆ ಪಾಠ ಮಾಡಿದ ಮಾಸ್ತರರು ಧಾರವಾಡ ಕಡೆಯವರು. ಮೊದಲ ದಿನ ಅವರು "ಬರ್ರಿ, ಕೂಡ್ರಿ" ಅಂದಾಗ ನಮಗೆ ಅರ್ಥವೇ ಆಗಲಿಲ್ಲ. ಕೂಡ್ರಿ ಅಂದ್ರೆ ಲೆಕ್ಕ ಕೂಡಿಸಲಿಕ್ಕೆ ಹೇಳಿದರು ಅಂತ ಒಬ್ಬ ಸ್ಲೇಟು ತೆಗೆದ! ನಮ್ಮಲ್ಲಿ "ಕೂಕಣಿ" ಅಲ್ವಾ. ಹದಿನೈದು ಗಂಟೆ ನಿಂತು ದುಡಿದ ಹುಡುಗರಿಗೆ ಒಬ್ಬ ದೊಡ್ಡ ಮನುಷ್ಯ "ರೀ" ಹಾಕಿ ಮಾತಾಡಿಸಿದ್ದು ಅದೇ ಮೊದಲು. ಹೋಟೆಲಿನಲ್ಲಿ ನಮಗೆಲ್ಲ ಒಂದೇ ಹೆಸರು, "ಏ ಮಾಣಿ". ಅದಕ್ಕೇ ಇರಬೇಕು, ಇವತ್ತಿಗೂ ಧಾರವಾಡದ ಮಾತು ಕೇಳಿದ್ರೆ ನನಗೆ ಬೆನ್ನು ನೆಟ್ಟಗಾಗುತ್ತದೆ.

ಇನ್ನೊಂದು ವಿಷಯ. ಆಗಿನ ಮುಂಬೈಯಲ್ಲಿ ಇಷ್ಟೊಂದು ಕನ್ನಡ ಯಾಕೆ ಸಿಗುತ್ತಿತ್ತು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬೈ ಸರಕಾರದ ಕೆಳಗೇ ಇದ್ದವು. ಅವರಿಗೆ ಇದೇ ರಾಜಧಾನಿ. ಕಚೇರಿ, ಬ್ಯಾಂಕು ಅಂತ ಅವರು ಬಂದರು. ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ನಾವು ಹೋಟೆಲ್ ಅಂತ ಬಂದೆವು. ಮೈಸೂರಿನವರು ಅವರಷ್ಟಕ್ಕೆ 1926ರಲ್ಲೇ ಮಾಟುಂಗಾದ ಮೈಸೂರು ಅಸೋಸಿಯೇಶನ್ ಕಟ್ಟಿಕೊಂಡಿದ್ದರು. ಹೆಸರು ನೋಡಿ, ಕರ್ನಾಟಕ ಅಲ್ಲ, ಮೈಸೂರು. ಅಂದ್ರೆ ಊರಲ್ಲಿ ಇವರೆಲ್ಲ ಒಂದೇ ರಾಜ್ಯ ಆಗುವ ಮೊದಲೇ ಇಲ್ಲಿ ಒಂದೇ ಟೇಬಲ್ಲಿಗೆ ಕಾಫಿ ಕುಡಿಯಲಿಕ್ಕೆ ಕೂತಿದ್ದರು. ಸಪ್ಲಾಯರ್ ಆಗಿದ್ದ ನನಗೆ ಗಿರಾಕಿ ಬಾಯಿ ತೆರೆದ ಕೂಡಲೇ ಜಿಲ್ಲೆ ಗೊತ್ತಾಗುತ್ತಿತ್ತು. "ಚಾ ತಗೊಂಬಾ" ಅಂದ್ರೆ ಗಟ್ಟದ ಮೇಲಿನ ಉತ್ತರದವರು. "ಕಾಫಿ ಉಂಟಾ?" ಅಂದ್ರೆ ಮಂಗಳೂರು. "ಒಂದು ಕಾಫಿ ಕೊಡಪ್ಪ" ಅಂದ್ರೆ ಮೈಸೂರು, ಅವರು ಚಿಲ್ಲರೆ ಸರಿಯಾಗಿ ಎಣಿಸಿಯೇ ಹೋಗುವವರು.

ಮಂಡ್ಯದ ಹೈದ

ಹಿರಿಯರೇ, ಕೊನೇ ಸಾಲಿಗೆ ನನ್ನ ಪ್ರತಿಭಟನೆ ಇದೆ 😀 ನಾವು ಟಿಪ್ಸ್ ಕೊಡ್ತೀವಿ.

ನಾನು ಪುಣೆಯ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋದು. ಎಲ್ಲರೂ ಧಾಟಿ ಎಷ್ಟು ಚೆಂದ ಚೆಂದ ಅಂತಿದ್ದೀರಿ. ನನ್ನ ಅನುಭವ ಸ್ವಲ್ಪ ಬೇರೆ. ನಮ್ಮ ಟೀಮಲ್ಲಿ ಏಳು ಜನ ಕನ್ನಡದವರು ಇದ್ದೇವೆ. ಊಟಕ್ಕೆ ಕೂತಾಗೆಲ್ಲ "ಏ ಸ್ವಲ್ಪ ಮಂಡ್ಯ ಭಾಷೆ ಮಾತಾಡೋ" ಅಂತ ಗಂಟು ಬೀಳುತ್ತಾರೆ. "ಬುಡ್ಲಾ ಅತ್ಲಾಗೆ" ಅಂದ್ರೆ ಸಾಕು, ಬಿದ್ದು ಬಿದ್ದು ನಗುತ್ತಾರೆ. ನನಗೂ ಮೊದಮೊದಲು ಖುಷಿ ಆಗುತ್ತಿತ್ತು. ಆಮೇಲೆ ಒಂದು ದಿನ ಕ್ಲೈಂಟ್ ಕಡೆ ಒಬ್ಬರು ಬೆಂಗಳೂರಿನವರು ಅಂತ ಗೊತ್ತಾಗಿ ಅವರ ಜೊತೆ ಕನ್ನಡದಲ್ಲಿ ಮಾತಾಡಿದೆ. ಕಾಲ್ ಮುಗಿದ ಮೇಲೆ ಅದೇ ಸ್ನೇಹಿತ, "ಗುರು, ಅವರ ಮುಂದೆ ಸ್ವಲ್ಪ ಡೀಸೆಂಟಾಗಿ ಮಾತಾಡಬೇಕಿತ್ತು" ಅಂದ. ನಾನು ಆಡಿದ ಮಾತಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ. "ಅವ್ರು ಬತ್ತಾವ್ರೆ" ಅಂದಿದ್ದೆ, ಅಷ್ಟೇ.

ಸಿನಿಮಾದಲ್ಲಿ ನೋಡಿ. ಎಷ್ಟೋ ವರ್ಷ ನಮ್ಮ ಮಾತು ಅಂದ್ರೆ ರೌಡಿ ಇಲ್ಲಾ ಹಳ್ಳಿ ಗಮಾರ. ಉತ್ತರ ಕರ್ನಾಟಕದ ಮಾತು ಅಂದ್ರೆ ಕಾಮಿಡಿ. ಮಂಗಳೂರು ಕನ್ನಡ ಅಂದ್ರೆ ಪುಸ್ತಕದ ಥರ ಮಾತಾಡುವ ಭಟ್ಟರು, ಮೇಷ್ಟ್ರು. ಈಗೀಗ ಕರಾವಳಿ ಕಡೆಯವರು ತಮ್ಮ ಮಾತಲ್ಲೇ ಸಿನಿಮಾ ಮಾಡಿ ಗೆದ್ದ ಮೇಲೆ ಸ್ವಲ್ಪ ಬದಲಾಗಿದೆ. ಒಟ್ಟಿನಲ್ಲಿ ಅಕ್ಕ ಹೇಳಿದ ಸಭೆಯೂ ಅದನ್ನೇ ಮಾಡಿದ್ದು. ನಕ್ಕರು, ಚಪ್ಪಾಳೆ ತಟ್ಟಿದರು, ಅಂಕ ಮಾತ್ರ ಬೇರೆಯವರಿಗೆ ಕೊಟ್ಟರು.

ಡೊಂಬಿವಲಿ ಅಮ್ಮ

ಅಯ್ಯೋ, ನನಗೆ ಕಾಡುತ್ತಿದ್ದದ್ದು ಇದೇ, ಹೇಳಲಿಕ್ಕೆ ಬಂದಿರಲಿಲ್ಲ. ಚಪ್ಪಾಳೆ ತಟ್ಟಿದವರೇ ಅಂಕ ಕಡಿಮೆ ಕೊಟ್ಟದ್ದು.

ಮಾಜಿ ಟೀಚರ್

ನಾನು ಸ್ವಲ್ಪ ವಿರುದ್ಧವಾಗಿ ಹೇಳುತ್ತೇನೆ, ಕಲ್ಲು ಹೊಡೆಯಬೇಡಿ. ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ನಮ್ಮಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಕೂಲಿಯವರ ಮಕ್ಕಳು. ಅವರು "ಮನಿ", "ಸಾಲಿ" ಅಂತ ಬರೆದರೆ ಪರೀಕ್ಷೆಯಲ್ಲಿ ನಾನು ಕೆಂಪು ಗೆರೆ ಎಳೆಯಲೇಬೇಕಿತ್ತು. ಹತ್ತನೇ ಕ್ಲಾಸಿನ ಪೇಪರ್ ತಿದ್ದುವವರು ಯಾರೋ, ಅವರಿಗೆ ಈ ಮಗು ಇಂಡಿಯದೋ ಕುಂದಾಪುರದ್ದೋ ಹೇಗೆ ಗೊತ್ತಾಗಬೇಕು? ಬರವಣಿಗೆಗೆ ಎಲ್ಲರಿಗೂ ಗೊತ್ತಿರುವ ಒಂದು ರೂಪ ಬೇಕು. ಅದನ್ನ ಕಲಿಸದಿದ್ದರೆ ನಷ್ಟ ಬಡವರ ಮಕ್ಕಳಿಗೇ. ದುಡ್ಡಿದ್ದವರ ಮಕ್ಕಳು ಹೇಗೂ ಇಂಗ್ಲಿಷಿಗೆ ಹೋಗುತ್ತಾರೆ.

ಆದರೆ ನಾನು ಮಾಡುತ್ತಿದ್ದದ್ದು ಹೀಗೆ. "ಬಾಯಲ್ಲಿ ಮನಿ, ಪಾಟಿಯಲ್ಲಿ ಮನೆ" ಅಂತ ಹೇಳಿಕೊಡುತ್ತಿದ್ದೆ. ಮಕ್ಕಳಿಗೆ ಇದು ಆಟ ಆಗಿಬಿಡುತ್ತಿತ್ತು. ಅಲ್ಲಮ್ಮಾ, ಕಥೆ ಹೇಳೋದು ಬಾಯಿ ಕೆಲಸ ಅಲ್ವಾ? ಅಲ್ಲಿ ಶುದ್ಧ ಅಶುದ್ಧ ನೋಡಿದ್ದು ತಪ್ಪು.

ಠಾಣೆ ಕೂಸು

ಟೀಚರ್, ನಿಮ್ಮ "ಮನಿ" ನೋಡಿ ಒಂದು ಮಾತು ನೆನಪಾಯ್ತು. ಕುಂದಾಪುರದವರೂ "ಮನಿ", "ಮಳಿ" ಅನ್ನುತ್ತಾರೆ, ಇಂಡಿಯವರೂ "ಮನಿ", "ಮಳಿ" ಅನ್ನುತ್ತಾರೆ. ಅಂದ್ರೆ ಅಕ್ಕನ ಮಗನ ಎರಡು ಅಜ್ಜಿಯರಿಗೂ ಅದರಲ್ಲಿ ಜಗಳವೇ ಇಲ್ಲ! ಮಧ್ಯದಲ್ಲಿ ಇಡೀ ಘಟ್ಟ ಇದೆ, ಆದರೂ.

ನಾವು ಹವ್ಯಕರು. ನಮ್ಮ ಮಾತು ಕೇಳಿದ್ರೆ ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ, "ಹೆಂಗಸರಿಗೆ ಅದು ಇದು ಅಂತೀರಂತೆ?" ಹೌದು, "ಅಮ್ಮ ಬಂತು", "ಅಕ್ಕ ಹೋತು" ಅಂತಲೇ ಹೇಳೋದು. ಅದರಲ್ಲಿ ಅಗೌರವ ಏನಿಲ್ಲ, ನಮ್ಮ ಕಿವಿಗೆ ಅದೇ ಪ್ರೀತಿ. ನನ್ನ ಗಂಡ ಬೆಂಗಳೂರಿನವರು. ಮದುವೆಯಾದ ಹೊಸದರಲ್ಲಿ ಅಪ್ಪ "ಮಗಳು ಎಲ್ಲಿ ಹೋತು?" ಅಂತ ಕೇಳಿದ್ದಕ್ಕೆ ಇವರು ಬೆಕ್ಕು ಹುಡುಕಲಿಕ್ಕೆ ಎದ್ದಿದ್ದರು ಅಂತ ಈಗಲೂ ಮನೆಯಲ್ಲಿ ನಗುತ್ತೇವೆ.

ಶುದ್ಧದ ವಿಷಯಕ್ಕೆ ಬಂದ್ರೆ, ನಾವೂ ಕುಂದಾಪುರದವರೂ "ಹೋಪ", "ಬಪ್ಪ" ಅನ್ನುತ್ತೇವೆ. ಹಳಗನ್ನಡದಲ್ಲಿ "ಪೋಪ", "ಬರ್ಪ" ಇತ್ತು. ಪಂಪನ ಕಾಲದ ಆ ಪಕಾರ ಉಳಿದಿರೋದು ನಮ್ಮ ಅಡುಗೆಮನೆಯಲ್ಲಿ. ಪುಸ್ತಕದ ಕನ್ನಡವೇ ಅದನ್ನ ಬಿಟ್ಟು "ಹೋಗುವ", "ಬರುವ" ಮಾಡಿಕೊಂಡದ್ದು. ತೀರ್ಪುಗಾರರಿಗೆ ಇದನ್ನ ಹೇಳಿ ಒಂದು ಕಂಪಾಸ್ ಬಾಕ್ಸ್ ಕೊಟ್ಟು ಬನ್ನಿ.

ವಾಸ್ಕೋ ವಾಸಿ

ಗೋವಾದಿಂದ ನಾನೊಬ್ಬ. ಅಪ್ಪ ಅಮ್ಮ ಕೊಪ್ಪಳ ಕಡೆಯವರು, ನಾನು ಹುಟ್ಟಿದ್ದು ವಾಸ್ಕೋದಲ್ಲಿ. ಇಲ್ಲಿ ನಮ್ಮಂಥವರಿಗೆ ಒಂದು ಹೆಸರಿದೆ, "ಘಾಂಟಿ", ಘಟ್ಟದವರು ಅಂತ. ಹೇಳುವವರ ಬಾಯಲ್ಲಿ ಅದು ಬೈಗುಳವೇ. ನಾನು ಚೆನ್ನಾಗಿ ಕೊಂಕಣಿ ಮಾತಾಡುತ್ತೇನೆ, ಆದರೆ ಎರಡು ವಾಕ್ಯದಲ್ಲಿ ಗೊತ್ತಾಗಿಬಿಡುತ್ತದೆ. ಕೊಂಕಣಿಯವರು ಮೂಗಲ್ಲಿ ಎಳೆದು ಬಿಡುವ ಕಡೆ ನಾನು ಗಟ್ಟಿಯಾಗಿ ಕುಟ್ಟಿ ಮುಗಿಸುತ್ತೇನೆ, ರೊಟ್ಟಿ ಬಡಿದ ಹಾಗೆ.

ಒಂದು ಸಲ ಮೀನು ಮಾರ್ಕೆಟಿನಲ್ಲಿ ಬಾಂಗಡೆ ರೇಟಿಗೆ ಚೌಕಾಶಿ ಮಾಡುತ್ತಿದ್ದೆ. ಆ ಮುದುಕಿ ನನ್ನ ಮುಖ ನೋಡಿ "ತುಂ ಕಾರವಾರ್ಚೊ ರೇ?" ಅಂದಳು. ನಾನು ಸುಳ್ಳು ಹೇಳಿದೆ, ಹೌದು ಅಂದೆ. ಎರಡು ಬಾಂಗಡೆ ಜಾಸ್ತಿ ಹಾಕಿದಳು. ಮನೆಗೆ ಬಂದು ಅಮ್ಮನಿಗೆ ಹೇಳಿದ್ರೆ, "ಕಾರವಾರದಾವ ಅಂದ್ಯಾ? ನಾಚಿಕಿ ಬರೂದಿಲ್ಲೇನ?" ಅಂತ ಬೈದಳು, ಮೀನು ಮಾತ್ರ ಸಾರಿಗೆ ಹಾಕಿದಳು. ಆ ಎರಡು ಮೀನಿನ ಬೆಲೆ ಧಾಟಿಯದ್ದು, ನನ್ನದಲ್ಲ.

ಮಲಾಡ್ ನೈಟ್ ಶಿಫ್ಟ್

ಧಾಟಿಗೆ ಬೆಲೆ ಅಂದ್ರಲ್ಲ, ಅದನ್ನ ತಿಂಗಳ ಸಂಬಳದಲ್ಲಿ ನೋಡಿದವಳು ನಾನು. ಮಲಾಡ್‌ನಲ್ಲಿ ಒಂದು ಕಾಲ್ ಸೆಂಟರಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಎಂಟಿಐ ಅಂತ ಒಂದು ಕಾಲಮ್ ಇರುತ್ತಿತ್ತು. ಮಾತೃಭಾಷೆಯ ಪ್ರಭಾವ ಇಂಗ್ಲಿಷಿನಲ್ಲಿ ಎಷ್ಟು ಕೇಳುತ್ತದೆ ಅನ್ನೋ ಲೆಕ್ಕ. ನನಗೆ ಬಂದದ್ದು "ಜಾಸ್ತಿ". ನಾವು ಕನ್ನಡದವರು ಎಮ್ ಅನ್ನೋಕೆ ಯೆಮ್, ಓನ್ಲಿ ಅನ್ನೋಕೆ ವೋನ್ಲಿ ಅನ್ನುತ್ತೇವಂತೆ. ಕನ್ನಡಿ ಹಿಡಿದು ತುಟಿ ನೋಡಿಕೊಂಡು ಮೂರು ವಾರ ಅಭ್ಯಾಸ ಮಾಡಿಸಿದರು. ತಮಾಷೆ ಅಂದ್ರೆ ಆಚೆ ಕಡೆ ಫೋನ್ ಎತ್ತುತ್ತಿದ್ದ ಅಮೆರಿಕದ ದಕ್ಷಿಣದವರು ಎಷ್ಟು ಎಳೆದು ಎಳೆದು ಮಾತಾಡುತ್ತಿದ್ದರು ಅಂದ್ರೆ, ನಮ್ಮ ಕುಂದಾಪುರದ ಅಜ್ಜಿಯೇ ವಾಸಿ. ಅವರ ಎಂಟಿಐ ಯಾರೂ ನೋಡುತ್ತಿರಲಿಲ್ಲ. ನನಗೆ ಆ ಎಳೆತ ಬಹಳ ಇಷ್ಟ ಆಗಿತ್ತು, ಬೈದರೂ ಲಾಲಿ ಹಾಡಿದ ಹಾಗೆ ಕೇಳುತ್ತಿತ್ತು.

ಆ ಟ್ರೈನಿಂಗಿನಲ್ಲೇ ಒಂದು ಪ್ರಯೋಗದ ಬಗ್ಗೆ ಹೇಳಿದ್ದರು. 1960ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಅನ್ನೋರು ಮಾಡಿದ್ದು. ಇಂಗ್ಲಿಷ್, ಫ್ರೆಂಚ್ ಎರಡೂ ಚೆನ್ನಾಗಿ ಬರುವವರ ಹತ್ತಿರ ಒಂದೇ ವಿಷಯವನ್ನ ಎರಡೂ ಭಾಷೆಯಲ್ಲಿ ಓದಿಸಿ ರೆಕಾರ್ಡ್ ಮಾಡಿದರು. ಎರಡೂ ಧ್ವನಿ ಒಬ್ಬರದೇ ಅಂತ ಕೇಳುವವರಿಗೆ ಹೇಳಲಿಲ್ಲ. ಧ್ವನಿ ಕೇಳಿ ಮನುಷ್ಯ ಹೇಗಿರಬಹುದು ಹೇಳಿ ಅಂದಾಗ, ಇಂಗ್ಲಿಷ್ ಧ್ವನಿ ಜಾಸ್ತಿ ಬುದ್ಧಿವಂತ, ಎತ್ತರ ಕೂಡ ಜಾಸ್ತಿ ಅಂದರಂತೆ. ಫ್ರೆಂಚ್ ಮಾತಾಡುವವರೂ ಹಾಗೇ ಅಂದರು, ಅದೇ ಬೇಜಾರಿನ ವಿಷಯ.

ಮಂಡ್ಯದ ಹೈದ

ಅದು ಭಾಷೆ, ಧಾಟಿ ಅಲ್ವಲ್ಲ? ಆದರೂ ವಿಷಯ ಒಂದೇ ಅನ್ಸುತ್ತೆ. ನಾನು ಮಂಡ್ಯದ ಮಾತಲ್ಲಿ ಎರಡಿಂಚು ಗಿಡ್ಡ ಆಗಿರ್ತೀನಿ ಬುಡಿ.

ಬೆಳಗಾಂವ್ ಪಾರ್ಟಿ

ಕೋಥರೂಡಿನಲ್ಲಿ ಇರುವ ಬೆಳಗಾವಿಯವನು ನಾನು. ಇಲ್ಲಿ ಮರಾಠಿಯಲ್ಲಿ ಬಾಯಿ ಬಿಟ್ಟರೆ ಸಾಕು, ಪುಣೆಯವರ ಮುಖದ ಮೇಲೆ ಒಂದು ನಗು ಬರುತ್ತದೆ. "ಬೆಳಗಾಂವ್ಚೆ ಕಾಯ್?" ಅಂತ ಕೇಳಿ ತಕ್ಷಣ ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆ ಬರೆದ ಬೆಳಗಾವಿಯ ರಾವಸಾಹೇಬರ ಮಾತು ಹೇಳೋಕೆ ಶುರು ಮಾಡುತ್ತಾರೆ. ಪು.ಲ. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡಿದವರು, ಕನ್ನಡದ ಧಾಟಿಯ ಮರಾಠಿ ಅವರ ಕಿವಿಗೆ ಸರಿಯಾಗಿ ಬಿದ್ದಿತ್ತು. ಲಿಂಗ ಎಲ್ಲ ಅದಲು ಬದಲು, ಬಾಯಿ ತುಂಬ ಬೈಗುಳ, ಎದೆ ತುಂಬ ಪ್ರೀತಿ. ಅದು ಗೇಲಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ ಸಾವಿರ ಸಲ ಎದುರಿಗೆ ಅದನ್ನೇ ಹೇಳಿದ್ರೆ ಸ್ವಲ್ಪ ಸಾಕಾಗುತ್ತದೆ, ನಿಜ.

ನಮ್ಮ ಕಡೆ, ಕೊಲ್ಹಾಪುರ ಕಡೆ ಹೆಂಗಸರೂ "ಮೀ ಆಲೋ" (ನಾನು ಬಂದೆ) ಅನ್ನುತ್ತಾರೆ, ಗಂಡಸರ ಹಾಗೆ. ನನ್ನ ಹೆಂಡತಿ ಪುಣೆಯ ಸದಾಶಿವ ಪೇಟೆಯವಳು, "ಮೀ ಆಲೇ" ಅನ್ನುವವಳು. ಮೊದಲು ನಮ್ಮಮ್ಮನನ್ನ ತಿದ್ದುತ್ತಿದ್ದಳು. ಈಗ ಫೋನಿನಲ್ಲಿ ಅವಳೇ "ಹೋ ಕೀ ಆಯಿ, ಆಲೋ ಕೀ" ಅಂತ ಎಳೆಯುತ್ತಾಳೆ. ಯಾರು ಯಾರನ್ನ ತಿದ್ದಿದರೋ ಗೊತ್ತಿಲ್ಲ.

ಮತ್ತೆ ಒಂದು ವಿಷಯ ಯಾರೂ ಹೇಳಲಿಲ್ಲ. ಧಾರವಾಡದ ಮಾತನ್ನ ಕನ್ನಡ ಕಾವ್ಯದ ತಲೆ ಮೇಲೆ ಕೂರಿಸಿದ ಬೇಂದ್ರೆಯವರ ಮನೆಮಾತು ಮರಾಠಿ. ಬಿ.ಎ. ಓದಿದ್ದು ನಮ್ಮ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ ಪಾಸಾದರು. ಮನೆಯಲ್ಲಿ ಬೇರೆ ಭಾಷೆ ಇದ್ದವರ ಕಿವಿಗೆ ಬೀದಿಯ ಮಾತು ಇನ್ನೂ ಚುರುಕಾಗಿ ಬೀಳುತ್ತದೋ ಏನೋ. ಅಕ್ಕಾ, ನಿಮ್ಮ ಮಗನ ಮನೆಯಲ್ಲಂತೂ ಎರಡೆರಡು ಇವೆ.

ಮತ್ಸ್ಯಗಂಧಾ ಪ್ಯಾಸೆಂಜರ್

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಧಾಟಿ ಕೇಳಬೇಕು ಅಂದ್ರೆ ಕುರ್ಲಾದಿಂದ ಮತ್ಸ್ಯಗಂಧಾ ರೈಲು ಹತ್ತಿ, ಸ್ಲೀಪರ್ ಬೋಗಿ, ಕೆಳಗಿನ ಬರ್ತ್. ಠಾಣೆ ಪನವೇಲ್ ದಾಟುವ ತನಕ ಎಲ್ಲರೂ ಮುಂಬೈ ಹಿಂದಿ. "ಏ ಭಾಯ್, ಥೋಡಾ ಸರಕ್ ನಾ." ರತ್ನಾಗಿರಿ ಬರುವ ಹೊತ್ತಿಗೆ ಊಟದ ಡಬ್ಬಿ ಬಿಚ್ಚುತ್ತಾರೆ, ಆಗ ಹಿಂದಿ ಹೋಗಿ ತುಳು, ಕೊಂಕಣಿ, ಕನ್ನಡ ಹೊರಗೆ ಬರುತ್ತವೆ. ರಾತ್ರಿ ಮಡಗಾಂವಿನಲ್ಲಿ ಚಹಾದವನು ಕೊಂಕಣಿ. ಕಾರವಾರ ಬಂದ ಮೇಲೆ ಕನ್ನಡ, ಅದೂ ಕೊಂಕಣಿಯ ರಾಗದಲ್ಲಿ. ಭಟ್ಕಳದಲ್ಲಿ ಅಲ್ಲಿನ ಮುಸ್ಲಿಮರ ನವಾಯತಿ ಮಾತು. ಬೆಳಗಿನ ಜಾವ ಬೈಂದೂರು ದಾಟಿದ ಮೇಲೆ ಬಾಗಿಲ ಹತ್ತಿರ ನಿಂತ ಯಾರೋ ಫೋನಿನಲ್ಲಿ "ಹ್ವಾಯ್, ಎದ್ದಾಯ್ತಾ? ಕುಂದಾಪ್ರ ಬಂತ್ ಕಾಣಿ" ಅಂತ ಕೂಗುತ್ತಾರೆ. ನಿನ್ನೆ ಸಂಜೆ "ಸರಕ್ ನಾ" ಅಂದವನೇ ಅವನು!

1998ರಲ್ಲಿ ಕೊಂಕಣ ರೈಲು ಶುರು ಆಗುವ ಮೊದಲು ನಾವು ಬಸ್ಸಿನಲ್ಲಿ ಹೋಗುತ್ತಿದ್ದದ್ದು. ಬಸ್ಸಿನಲ್ಲಿ ವಾಂತಿ ಬಿಟ್ಟರೆ ಬೇರೇನೂ ನೆನಪಿಲ್ಲ.

ಮಾಟುಂಗಾ ಹಿರಿಯ

ಕುಂದಾಪ್ರ ಬಂತ್ ಕಾಣಿ. ಇದೊಂದು ಸಾಲು ಮೂರು ಸಲ ಓದಿದೆ ಮಾರಾಯ.

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವಳೂ ಅದೇ ಕಡೆಯವಳು. ಮಕ್ಕಳೆಲ್ಲ ಇಂಗ್ಲಿಷ್, ಹಿಂದಿ. ಮನೆಯಲ್ಲಿ ಈಗ ನನ್ನ ಹತ್ತಿರ ಹಾಗೆ ಮಾತಾಡುವವರು ಯಾರೂ ಇಲ್ಲ. ದಿನಾ ಸಂಜೆ ಫೈವ್ ಗಾರ್ಡನ್ಸ್‌ಗೆ ಹೋಗಿ ಕೂರುತ್ತೇನೆ, ಅಲ್ಲಿ ಒಬ್ಬ ಕೋಟದವ ಬರುತ್ತಾನೆ. ನಾವು ಮಾತಾಡುವುದು ಮಳೆ, ಮಂಡಿನೋವು, ಅಷ್ಟೇ. ಅವನು ಎದ್ದು ಹೋಗುವಾಗ "ಹೋಯ್ ಬತ್ತೆ" ಅನ್ನುತ್ತಾನಲ್ಲ, ಅದಕ್ಕೋಸ್ಕರ ಕೂತಿರುತ್ತೇನೆ.

ಡೊಂಬಿವಲಿ ಅಮ್ಮ

ಮಾಮ, ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಮಾಟುಂಗಾ ನಮಗೆ ದೂರ ಏನಲ್ಲ. ಮುಂದಿನ ಭಾನುವಾರ ಮಗನನ್ನ ಕರೆದುಕೊಂಡು ಫೈವ್ ಗಾರ್ಡನ್ಸ್‌ಗೆ ಬರುತ್ತೇನೆ. ಕಾಗೆ ನರಿ ಕಥೆ ಪೂರ್ತಿ ಹೇಳಿಸುತ್ತೇನೆ, ನೀವೂ ನಿಮ್ಮ ಕೋಟದವರೂ ತೀರ್ಪುಗಾರರು.

ಇವತ್ತು ಸಂಜೆ ಅವನಿಗೆ ಹೇಳಿದೆ, ನೀನು ಹೇಳಿದ್ದು ತಪ್ಪಲ್ಲ, ಬರೆಯುವಾಗ ಮಾತ್ರ ಟೀಚರ್ ಹೇಳಿದ ಹಾಗೆ ಬರಿ ಅಂತ. "ಹಾಂಗಾರ್ ಕಂಪಾಸ್ ವಾಪಸ್ ಕೊಡ್ಕಾ?" ಅಂತ ಕೇಳಿದ. ಬೇಡ ಅಂದೆ. ಅಪ್ಪನ ಹತ್ತಿರ ಓಡಿಹೋಗಿ "ಅಪ್ಪಾ, ಕಂಪಾಸ್ ನಂದ ಐತಿ!" ಅಂತ ಕುಣಿದ.

ಭೀಮಾ ದಂಡಿ, ಪುಣೆ

ಭಾನುವಾರ ಎಷ್ಟು ಗಂಟೆಗೆ ಅಕ್ಕಾರ? ಪುಣೆಯಿಂದ ಮುಂಜಾನೆ ಗಾಡಿ ಹಿಡಿದರೆ ಹತ್ತರ ಒಳಗೆ ದಾದರ್‌ನಲ್ಲಿ ಇರ್ತೀನಿ. ಶೇಂಗಾ ಹಿಂಡಿ ತರ್ತೀನಿ.

ಮಂಡ್ಯದ ಹೈದ

ನಂಗೂ ಒಂದು ಸೀಟ್ ಹಿಡೀರಿ ಅಣ್ಣ.